ಹುಳಿಯೂ ಪಾತ್ರೆಯೂ
(ಬಾನುಲಿ ಭಾಷಣ)

ಕನ್ನಡದಲ್ಲಿ ‘ಕಿಲುಬು’ ಎಂಬ ಒಂದು ಮಾತುಂಟು. ತಾಮ್ರ, ಹಿತ್ತಾಳೆ, ಕಂಚುಗಳಿಗೆ ಹುಳಿ ತಾಗಿದಾಗ ಏಳುವ ಹಸುರು ಮಿಶ್ರಿತ ನೀಲಿಯ ಕಲೆಗೆ ಅದು ಹೆಸರು. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ತಾಮ್ರಕ್ಕೆ ಹಿಡಿಯುವುದು ಕಿಲುಬು. ನಮ್ಮ ಹಿರಿಯರು ಇವೆರಡಕ್ಕೆ ಬೇರೆ ಬೇರೆ ಹೆಸರಿಟ್ಟದ್ದು ಬಣ್ಣ ಬೇರೆಯಾದ ಕಾರಣಕ್ಕಾಗಿ ಮಾತ್ರವಲ್ಲ. ತುಕ್ಕು ಹಿಡಿದ ಬಾಣಲೆಯನ್ನು ತಿಕ್ಕಿ ತೊಳೆದು ಮತ್ತೆ ಒಲೆಯ ಮೇಲೆ ಇಡುತ್ತಿದ್ದರು. ಕಿಲುಬೆದ್ದ ಪಾತ್ರೆಯಲ್ಲಿದ್ದ ಸಾರನ್ನಾದರೋ ಹಿಂದುಮುಂದು ನೋಡದೆ ಚೆಲ್ಲುತ್ತಿದ್ದರು. ಒಂದು ಕೇವಲ ಕೊಳೆ, ಇನ್ನೊಂದು ವಿಷ ಎಂಬ ವಿವೇಕ ಆ ಎರಡು ಹೆಸರುಗಳಲ್ಲಿಯೇ ಅಡಗಿತ್ತು. ರಸಾಯನಶಾಸ್ತ್ರದ ಪಾಠ ಕೇಳದ ಅಡಿಗೆಮನೆಯೊಂದು ತನ್ನ ಅನುಭವದಿಂದ ಕಂಡುಕೊಂಡ ನಿಯಮವಿದು: ಹುಳಿ ಲೋಹವನ್ನು ತಿನ್ನುತ್ತದೆ, ಲೋಹ ತಿಂದ ಹುಳಿಯನ್ನು ಮನುಷ್ಯ ತಿನ್ನಬಾರದು.

ನಾನಿಂದು ಹೇಳಹೊರಟಿರುವುದು ಈ ನಿಯಮದ ಚರಿತ್ರೆಯನ್ನು. ಡಬ್ಬಿಯಲ್ಲಿ ತುಂಬಿದ ಹಣ್ಣು ತರಕಾರಿಗಳಲ್ಲಿ ಸೀಸ, ತವರ ಮೊದಲಾದ ಭಾರಲೋಹಗಳು ಸೇರಿಕೊಳ್ಳುವ ಸುದ್ದಿಯನ್ನು ನಾವು ಆಗಾಗ ಓದುತ್ತೇವೆ. ಓದಿ, ಇದು ಕಾರ್ಖಾನೆಗಳಿಗೂ ಪ್ರಯೋಗಶಾಲೆಗಳಿಗೂ ಸಂಬಂಧಪಟ್ಟ ವಿಷಯವೆಂದು ಪುಟ ಮಗುಚುತ್ತೇವೆ. ಆದರೆ ಇದು ನಿನ್ನೆ ಮೊನ್ನೆ ಹುಟ್ಟಿದ ಸಮಸ್ಯೆಯಲ್ಲ. ಮನುಷ್ಯ ಹಣ್ಣನ್ನು ಅದರ ಕಾಲ ಮೀರಿ ಉಳಿಸಿಕೊಳ್ಳಬೇಕೆಂದು ಆಸೆಪಟ್ಟ ದಿನದಿಂದ ಬಂದದ್ದು. ಆ ಆಸೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆ ಎಷ್ಟು ಪ್ರಬಲವಾಗಿತ್ತೆಂಬುದನ್ನು ಬಲ್ಲವರು ಬಲ್ಲರು. ಆದ್ದರಿಂದ ಕತೆಯನ್ನು ಅಲ್ಲಿಂದಲೇ ತೊಡಗುತ್ತೇನೆ.

ಸಿದ್ದಾಪುರದಿಂದ ಕುಮಟೆಗೆ ಇಳಿಯುವ ದಾರಿಯಲ್ಲಿ ದೊಡ್ಮನೆ ಎಂಬ ಊರಿದೆ. ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದ ರಾಮಕೃಷ್ಣ ಹೆಗಡೆಯವರು 1926ರಲ್ಲಿ ಹುಟ್ಟಿದ್ದು ಅಲ್ಲಿ; ಹೊರಗಿನವರಿಗೆ ಊರಿನ ಪರಿಚಯ ಆ ಹೆಸರಿನಿಂದ. ನನಗೆ ಇಲ್ಲಿ ಮುಖ್ಯವಾದದ್ದು ಆ ಘಟ್ಟದ ದಾರಿ. ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ಬೆಳೆದ ಉಪ್ಪು ಘಟ್ಟವನ್ನೇರಿ ಮೇಲಿನ ಸೀಮೆಗೆ ಬರುತ್ತಿತ್ತು. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೆ ಬಿಡದ ನಾಡಿನಲ್ಲಿ ಉಪ್ಪೆಂದರೆ ಕೇವಲ ರುಚಿಯ ವಸ್ತುವಲ್ಲ, ಕಾಲವನ್ನು ಕಟ್ಟಿಹಾಕುವ ವಸ್ತು. ಹೊಳೆಯ ದಂಡೆಯ ಮರಗಳಿಂದ ಇಳಿಸಿದ ಅಪ್ಪೆಮಿಡಿ, ತೊಟ್ಟಿನ ಸೊನೆ ಆರದಂತೆ, ಉಪ್ಪಿನೊಳಗೆ ಕೂರುತ್ತಿತ್ತು. ಹಲಸಿನ ಸೊಳೆ ಉಪ್ಪುನೀರಿಗೆ ಇಳಿಯುತ್ತಿತ್ತು. ಮುರುಗಲ ಸಿಪ್ಪೆ, ಉಪ್ಪಾಗೆ, ವಾಟೆಹುಳಿ, ಕಂಚಿಕಾಯಿ - ಇವೆಲ್ಲ ಒಣಗಿಯೋ ನೆನೆದೋ ಮಳೆಗಾಲವನ್ನು ಕಾಯುತ್ತಿದ್ದವು. ಇವುಗಳಲ್ಲಿ ಸೊಳೆಯೊಂದನ್ನು ಬಿಟ್ಟರೆ ಉಳಿದುವೆಲ್ಲ ಹುಳಿ ಪದಾರ್ಥಗಳೇ. ಘಟ್ಟದ ಮೇಲಿನ ಅಡಿಗೆ ಹುಳಿಯ ಅಡಿಗೆ ಎಂದರೆ ತಪ್ಪಾಗದು.

ಹುಳಿ ಇಷ್ಟಿದ್ದಲ್ಲಿ ಪಾತ್ರೆಯ ವಿಚಾರದಲ್ಲಿ ಶಿಸ್ತೂ ಅಷ್ಟೇ ಇರಬೇಕಷ್ಟೆ. ಮಿಡಿ ಮಾವಿಗೆ ಚೀನಿಮಣ್ಣಿನ ಭರಣಿ. ತಂಬುಳಿಗೂ ಗೊಜ್ಜಿಗೂ ಕಲ್ಲಿನ ಮರಿಗೆ. ಮಜ್ಜಿಗೆಗೆ ಮಣ್ಣಿನ ಗಡಿಗೆ. ಒಗ್ಗರಣೆಗೆ ಕಬ್ಬಿಣ. ನೀರಿಗೆ ತಾಮ್ರದ ಹಂಡೆ, ಕೊಡ. ಮದುವೆ ಮುಂಜಿಗಳ ದೊಡ್ಡ ಅಡಿಗೆಗೆ ತಾಮ್ರ ಹಿತ್ತಾಳೆಗಳ ಕೊಪ್ಪರಿಗೆಗಳು ಇದ್ದರೂ ಅವುಗಳ ಒಳಮೈಗೆ ಕಲಾಯಿ ಆಗಿರಲೇಬೇಕು. ಉಪ್ಪಿನಕಾಯಿಯ ಭರಣಿಗೆ ಲೋಹದ ಸೌಟು ಹಾಕಬಾರದು. ಮರದ ಸೌಟೇ ಆಗಬೇಕು. ಈ ಕಟ್ಟಳೆಗಳನ್ನು ಹೇಳಿಕೊಡುತ್ತಿದ್ದವರು ಕಾರಣ ಹೇಳುತ್ತಿರಲಿಲ್ಲ. ‘ಕೆಡುತ್ತದೆ’ ಎಂಬ ಒಂದೇ ಮಾತು. ಮಡಿಯೆಂದು ತೋರಿದ ಅನೇಕ ನಿಯಮಗಳ ತಳದಲ್ಲಿ ಇಂಥ ಲೋಕಾನುಭವ ಇದ್ದಿತೆಂಬುದನ್ನು ನಾವು ಈಗ ನಿಧಾನವಾಗಿ ಅರಿಯುತ್ತಿದ್ದೇವೆ. ಎಲ್ಲ ಮಡಿಯೂ ಹಾಗೆಯೇ ಎಂದು ನಾನು ವಾದಿಸುವುದಿಲ್ಲ. ಪಾತ್ರೆಯ ಮಟ್ಟಿಗೆ ಈ ಮಾತು ನಿಜ.

ತಾಮ್ರವೆಂದರೆ ಆ ಸೀಮೆಯಲ್ಲಿ ಸಂಪತ್ತೂ ಹೌದು. ಅಡಿಕೆ ಬೇಯಿಸುವ ಹಂಡೆ ಮನೆತನದ ಅಳತೆ. 1930ರಿಂದ 1932ರವರೆಗಿನ ಕರನಿರಾಕರಣೆಯ ದಿನಗಳಲ್ಲಿ ಸಿದ್ದಾಪುರ, ಅಂಕೋಲೆ ತಾಲೂಕುಗಳ ರೈತರು ಕಂದಾಯ ಕೊಡದೆ ನಿಂತಾಗ ಸರಕಾರ ಅವರ ಭೂಮಿಯನ್ನಲ್ಲದೆ ಚರಾಸ್ತಿಯನ್ನೂ ಜಪ್ತಿ ಮಾಡಿತು. ದೊಡ್ಮನೆ ಹೆಗಡೆಯವರ ಮನೆತನವೂ ಆ ಹೋರಾಟದಲ್ಲಿತ್ತು. ಮಾವಿನಗುಂಡಿಯಲ್ಲಿ ಹೆಂಗಸರು ಸತ್ಯಾಗ್ರಹಕ್ಕೆ ಕುಳಿತದ್ದು ಆ ಜಪ್ತಿಯ ಕಾಲದಲ್ಲಿಯೇ. ಪಾತ್ರೆಯೆಂದರೆ ಆಗ ಎಷ್ಟು ದೊಡ್ಡ ಮಾತಾಗಿತ್ತೆಂಬುದನ್ನು ಇಂದಿನ ಉಕ್ಕಿನ ಪಾತ್ರೆಗಳ ಕಾಲದಲ್ಲಿ ಊಹಿಸಿಕೊಳ್ಳುವುದು ಸ್ವಲ್ಪ ಕಷ್ಟ.

ಇನ್ನು ಕಲಾಯಿಯ ಮಾತು. ತಾಮ್ರದ ಪಾತ್ರೆಯನ್ನು ಹುಣಿಸೆ, ಬೂದಿಗಳಿಂದ ತಿಕ್ಕಿ, ತಿದಿಯೊತ್ತಿದ ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿಯನ್ನು ಮುಟ್ಟಿಸಿ, ಹತ್ತಿಯ ಉಂಡೆಯಿಂದ ಒಂದು ಸುತ್ತು ಒರೆಸಿದರೆ ಒಳಮೈ ಬೆಳ್ಳಿಯಂತೆ ಹೊಳೆಯುತ್ತದೆ. ಆ ಬಿಳಿಯ ಹೊಗೆಯನ್ನೂ ಆ ಹೊಳಪನ್ನೂ ಕಂಡವರು ಮರೆಯಲಾರರು. ತಾಮ್ರಕ್ಕೂ ಹುಳಿಗೂ ನಡುವೆ ತವರದ ತೆಳುಪರದೆ. ಇಷ್ಟೇ ಅದರ ಗುಟ್ಟು. ಡಬ್ಬಿಯ ಕಾರ್ಖಾನೆಯ ಗುಟ್ಟೂ ಇದೇ: ಅಲ್ಲಿ ತಾಮ್ರದ ಬದಲು ಕಬ್ಬಿಣದ ತೆಳು ತಗಡು, ಅದಕ್ಕೆ ತವರದ ಲೇಪ. ನಾವು ‘ತಗಡಿನ ಡಬ್ಬಿ’ ಎನ್ನುವುದು ಕಲಾಯಿ ಹಾಕಿದ ಕಬ್ಬಿಣದ ಪಾತ್ರೆಯಲ್ಲದೆ ಬೇರೆಯಲ್ಲ. ಹೀಗೆ ನಮ್ಮ ಬೀದಿಯ ಕಲಾಯಿಗಾರನೂ ಲಂಡನ್ನಿನ ಡಬ್ಬಿ ತಯಾರಕನೂ ಒಂದೇ ಕಸುಬಿನ ಬಂಧುಗಳು.

ಆದರೆ ಶುದ್ಧ ತವರ ದುಬಾರಿ. ನಮ್ಮ ದೇಶದಲ್ಲಿ ಅದು ಸಿಗುವುದು ಕಡಮೆ. ಹೆಚ್ಚಿನದು ಮಲಯದ ಕಡೆಯಿಂದ ಬರುತ್ತಿತ್ತು. ಸೀಸವೋ ಅಗ್ಗ; ತವರದೊಡನೆ ಸುಲಭವಾಗಿ ಬೆರೆಯುತ್ತದೆ; ಬೆರೆತರೆ ಇನ್ನೂ ಬೇಗ ಕರಗುತ್ತದೆ; ಕಣ್ಣಿಗೆ ಬೇಧ ಕಾಣದು. ಆಸೆಬುರುಕನಿಗೆ ಇದಕ್ಕಿಂತ ಒಳ್ಳೆಯ ಅನುಕೂಲ ಬೇಕೆ? ಬಲ್ಲವರು ಪರೀಕ್ಷೆ ಮಾಡುವ ಬಗೆಗಳಿದ್ದವು. ಶುದ್ಧ ತವರದ ಕಡ್ಡಿಯನ್ನು ಬಾಗಿಸಿದರೆ ಕಿರುಗುಟ್ಟುತ್ತದೆ. ಅದನ್ನು ತವರದ ಅಳು ಎನ್ನುತ್ತಾರೆ. ಸೀಸವನ್ನು ಕಾಗದದ ಮೇಲೆ ಎಳೆದರೆ ಬೂದುಬಣ್ಣದ ಗೆರೆ ಮೂಡುತ್ತದೆ. ನಮ್ಮ ರಸಶಾಸ್ತ್ರದ ಗ್ರಂಥಕಾರರು ಸೀಸವನ್ನು ನಾಗವೆಂದೂ ತವರವನ್ನು ವಂಗವೆಂದೂ ಕರೆದು, ಎರಡನ್ನೂ ಸೇರಿಸಿ ‘ಪೂತಿಲೋಹ’ ಎಂದರು; ದುರ್ಗಂಧದ ಲೋಹ ಎಂದರ್ಥ. ಶುದ್ಧಿಮಾಡದ ತಾಮ್ರಕ್ಕೆ ಅವರು ಎಂಟು ದೋಷಗಳನ್ನು ಹೇಳಿದ್ದಾರೆ. ವಾಂತಿ, ಭ್ರಮೆಗಳು ಅದರಲ್ಲಿ ಸೇರಿವೆ. ಕಿಲುಬಿನ ಸಾರನ್ನು ಉಂಡವನಿಗೆ ಆಗುವುದೂ ಮೊದಲು ಅದೇ.

ಈಗ ಸ್ವಲ್ಪ ದೂರ ಹೋಗೋಣ. ಹಳೆಯ ರೋಮಿನಲ್ಲಿ ದ್ರಾಕ್ಷಿಯ ರಸವನ್ನು ಕುದಿಸಿ ಗಟ್ಟಿಮಾಡಿ ‘ಸಾಪ’ ಎಂಬ ಪಾಕವನ್ನು ಮಾಡುತ್ತಿದ್ದರು. ನಮ್ಮ ಆಲೆಮನೆಯ ಜೋನಿಬೆಲ್ಲದ ಒಂದು ದೂರದ ನಂಟ ಅದು. ತಾಮ್ರದ ಪಾತ್ರೆಯಲ್ಲಿ ಕುದಿಸಿದರೆ ರುಚಿ ಕೆಡುತ್ತದೆಂದು ಕಂಡ ರೋಮಿನ ಕೃಷಿಗ್ರಂಥಕಾರರು ಸೀಸದ ಪಾತ್ರೆಯನ್ನು ಉಪಯೋಗಿಸಿರೆಂದು ಸಲಹೆ ಕೊಟ್ಟರು. ಅವರ ನಾಲಗೆ ಸುಳ್ಳು ಹೇಳಲಿಲ್ಲ: ದ್ರಾಕ್ಷಿಯ ಹುಳಿ ಸೀಸವನ್ನು ಕರಗಿಸಿದಾಗ ಹುಟ್ಟುವ ಲವಣ ಸಿಹಿಯಾಗಿರುತ್ತದೆ. ವ್ಯತ್ಯಾಸ ಇಲ್ಲಿಯೇ ಇದೆ. ತಾಮ್ರ ತನ್ನ ವಿಷವನ್ನು ಹಸುರು ಬಣ್ಣದಿಂದಲೂ ಕೆಟ್ಟ ರುಚಿಯಿಂದಲೂ ಸಾರಿ ಹೇಳುತ್ತದೆ. ಹೊಟ್ಟೆಯೂ ಅದನ್ನು ಕೂಡಲೆ ಹೊರಕ್ಕೆ ಹಾಕುತ್ತದೆ. ಸೀಸವಾದರೋ ಸವಿಯಾಗಿ, ಸದ್ದಿಲ್ಲದೆ ಬಂದು ಮೂಳೆಯಲ್ಲಿ ಮನೆಮಾಡುತ್ತದೆ. ಒಂದು ಬಾಗಿಲು ಬಡಿಯುವ ಕಳ್ಳ. ಇನ್ನೊಂದು ನೆಂಟನಾಗಿ ಬಂದು ಉಳಿಯುವ ಕಳ್ಳ.

ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಸೇಬಿನ ಮದ್ಯ ತೆಗೆಯುವ ಋತುವಿನಲ್ಲಿ ಜನಕ್ಕೆ ಭಯಂಕರವಾದ ಹೊಟ್ಟೆನೋವು ಬರುತ್ತಿತ್ತು. ಕೆಲವರ ಕೈಗಳು ಸ್ವಾಧೀನ ತಪ್ಪುತ್ತಿದ್ದವು. ಸೇಬಿನ ಹುಳಿಯೇ ಕಾರಣವೆಂದು ನಂಬಿದ್ದರು. 1767ರಲ್ಲಿ ಜಾರ್ಜ್ ಬೇಕರ್ ಎಂಬ ವೈದ್ಯ ಆ ಸೀಮೆಯ ಮದ್ಯವನ್ನು ಪರೀಕ್ಷಿಸಿ, ಅದರಲ್ಲಿ ಸೀಸವಿರುವುದನ್ನು ತೋರಿಸಿದ. ಸೇಬನ್ನು ಅರೆಯುವ, ಹಿಂಡುವ ಸಾಧನಗಳಲ್ಲಿ ಸೀಸ ಬಳಸುತ್ತಿದ್ದುದೇ ಮೂಲವೆಂದು ಹೇಳಿದ. ತಮ್ಮ ಹಣ್ಣಿಗೆ ಕಳಂಕ ಬಂತೆಂದು ಬೆಳೆಗಾರರು ಅವನ ಮೇಲೆ ಸಿಟ್ಟಾದರು. ಹಣ್ಣು ನಿರಪರಾಧಿ, ಪಾತ್ರೆ ಅಪರಾಧಿ ಎಂದು ಅವನು ಹೇಳಿದ್ದು ಹಣ್ಣಿನ ಪರವಾಗಿಯೇ ಎಂಬುದು ಅವರಿಗೆ ಅರ್ಥವಾಗಲು ಕಾಲ ಹಿಡಿಯಿತು.

ಹಣ್ಣು ತರಕಾರಿಗಳನ್ನು ಬಿಸಿಮಾಡಿ, ಗಾಳಿಯಾಡದಂತೆ ಮುಚ್ಚಿ ಉಳಿಸುವ ವಿದ್ಯೆ ಫ್ರಾನ್ಸಿನ ನಿಕೊಲಾ ಅಪೇರ್ ಎಂಬ ಮಿಠಾಯಿಗಾರನದು. 1810ರಲ್ಲಿ ಅಲ್ಲಿನ ಸರಕಾರ ಅವನಿಗೆ 12,000 ಫ್ರಾಂಕುಗಳ ಬಹುಮಾನ ಕೊಟ್ಟಿತು. ಅದೇ ವರ್ಷ ಅವನ ಪುಸ್ತಕವೂ ಹೊರಬಂದಿತು. ಗಮನಿಸಬೇಕಾದ ಸಂಗತಿಯೆಂದರೆ ಅಪೇರ್ ಉಪಯೋಗಿಸಿದ್ದು ಗಾಜಿನ ಸೀಸೆಗಳನ್ನು. ನಮ್ಮ ಭರಣಿಯ ಹಾಗೆ ಅದೂ ಹುಳಿಗೆ ಹೆದರದ ಪಾತ್ರೆ. ಆದರೆ ಗಾಜು ಒಡೆಯುತ್ತದೆ. ಹಡಗಿಗೂ ದಂಡಿಗೂ ಒಡೆಯುವ ಪಾತ್ರೆ ಆಗದು. ಅದೇ 1810ರಲ್ಲಿ ಲಂಡನ್ನಿನಲ್ಲಿ ಪೀಟರ್ ಡ್ಯುರಾಂಡ್ ಎಂಬವನು ಪಡೆದ ಹಕ್ಕುಪತ್ರದಲ್ಲಿ ತವರ ಲೇಪಿಸಿದ ತಗಡೂ ಸೇರಿತು. 1813ರ ಹೊತ್ತಿಗೆ ಬ್ರಯನ್ ಡಾಂಕಿನ್ ಎಂಬ ಯಂತ್ರಶಿಲ್ಪಿ ಬರ್ಮಂಡ್ಸಿಯಲ್ಲಿ ಡಬ್ಬಿಯ ಆಹಾರದ ಕಾರ್ಖಾನೆ ನಡೆಸುತ್ತಿದ್ದ. ತಗಡನ್ನು ಸುತ್ತಿ, ಅಂಚಿಗೆ ಅಂಚು ಸೇರಿಸಿ, ಕೈಯಿಂದ ಬೆಸುಗೆ ಹಾಕುತ್ತಿದ್ದರು. ಆ ಬೆಸುಗೆ ಸೀಸ ಮತ್ತು ತವರಗಳ ಮಿಶ್ರಣ. ಗಾಜಿನಿಂದ ತಗಡಿಗೆ ಬಂದ ಆ ಒಂದು ಹೆಜ್ಜೆಯಲ್ಲಿ ಸೀಸ ಅನ್ನದ ಬಾಗಿಲೊಳಗೆ ಕಾಲಿಟ್ಟಿತು.

ಇದರ ದುರಂತ ನಾಟಕವೆಂದು ಬಹಳ ಜನ ಹೇಳುವ ಪ್ರಸಂಗ ಜಾನ್ ಫ್ರಾಂಕ್ಲಿನನ ಉತ್ತರ ಧ್ರುವಯಾತ್ರೆ. 1845ರ ಮೇ ತಿಂಗಳಲ್ಲಿ ಎರೆಬಸ್, ಟೆರರ್ ಎಂಬ ಎರಡು ಹಡಗುಗಳು ಇಂಗ್ಲೆಂಡಿನಿಂದ ಹೊರಟವು. ಮಂಜಿನ ನಾಡಿಗೆ ಹೋದ 129 ಜನರಲ್ಲಿ ಒಬ್ಬನೂ ಮರಳಲಿಲ್ಲ. ಹಡಗಿನಲ್ಲಿ ಸುಮಾರು 8000 ಡಬ್ಬಿ ಆಹಾರವಿತ್ತು. ಅದನ್ನು ಒದಗಿಸಲು ಸ್ಟೀಫನ್ ಗೋಲ್ಡ್‌ನರನಿಗೆ ಗುತ್ತಿಗೆ ದೊರೆತದ್ದು ಹಡಗು ಹೊರಡುವುದಕ್ಕೆ ಕೆಲವೇ ವಾರಗಳ ಮುಂಚೆ. 1984ರಲ್ಲಿಯೂ 1986ರಲ್ಲಿಯೂ ಕೆನಡದ ಓವನ್ ಬೀಟಿ ಮತ್ತು ಅವರ ಜತೆಯವರು ಬೀಚಿ ದ್ವೀಪದ ಹಿಮದಲ್ಲಿ ಕೆಡದೆ ಉಳಿದಿದ್ದ ಮೂವರು ನಾವಿಕರ ಶರೀರಗಳನ್ನು ಪರೀಕ್ಷಿಸಿದಾಗ ಕೂದಲಿನಲ್ಲಿ ಸೀಸ ಬಹಳವಾಗಿ ಕಂಡಿತು. ಡಬ್ಬಿಗಳ ಒಳಗಂಚಿನಲ್ಲಿ ಬೆಸುಗೆ ಮೇಣದ ಹನಿಗಳಂತೆ ಇಳಿದಿದ್ದುದೂ ಕಂಡಿತು. ಡಬ್ಬಿಯೇ ಅವರನ್ನು ಕೊಂದಿತೆಂದು ಆಗ ಅನೇಕರು ನಿರ್ಣಯಿಸಿದರು. ಆಮೇಲಿನ ಸಂಶೋಧಕರು ಅಷ್ಟು ಬೇಗ ಒಪ್ಪಲಿಲ್ಲ. ಆ ಕಾಲದ ಇಂಗ್ಲೆಂಡಿನಲ್ಲಿ ನೀರಿನ ಕೊಳವೆಯಿಂದ ಮೊದಲುಗೊಂಡು ಎಲ್ಲೆಲ್ಲಿಯೂ ಸೀಸವಿತ್ತು, ನಾವಿಕರು ಹಡಗು ಹತ್ತುವ ಮುಂಚೆಯೇ ಅದನ್ನು ಮೈಯಲ್ಲಿ ಹೊತ್ತಿದ್ದರು ಎಂದರು. ಎರಡನೆಯ ಮಾತು ಮೊದಲನೆಯದಕ್ಕಿಂತ ಹೆಚ್ಚು ಭಯಂಕರವೆಂದು ನನಗೆ ತೋರುತ್ತದೆ.

ತವರದ ಸ್ವಭಾವವನ್ನೂ ಇಲ್ಲಿ ಸ್ವಲ್ಪ ಹೇಳಬೇಕು. ತವರವೆಂದರೆ ತವರುಮನೆಯಲ್ಲ, ಆದರೆ ಅದಕ್ಕೂ ತವರಿನವರಂತೆ ತಾನು ಸವೆದು ಇನ್ನೊಬ್ಬರನ್ನು ಕಾಯುವ ಗುಣವಿದೆ. ಮುಚ್ಚಿದ ಡಬ್ಬಿಯೊಳಗೆ ಗಾಳಿ ಇಲ್ಲದಾಗ ಹುಳಿ ರಸ ಮೊದಲು ತವರವನ್ನೇ ನಿಧಾನವಾಗಿ ಕರಗಿಸುತ್ತದೆ. ಕೆಳಗಿನ ಕಬ್ಬಿಣ ಉಳಿಯುತ್ತದೆ. ಅನಾನಸಿನಂಥ ತಿಳಿ ಬಣ್ಣದ ಹಣ್ಣುಗಳಿಗೆ ಒಳಮೈಯ ತವರವನ್ನು ಬೇಕೆಂದೇ ಬರಿದಾಗಿ ಬಿಡುವುದೂ ಉಂಟು. ಅಲ್ಪಸ್ವಲ್ಪ ಕರಗಿದ ತವರ ಹಣ್ಣಿನ ಬಣ್ಣ ಕಪ್ಪಾಗದಂತೆ ಕಾಪಾಡುತ್ತದೆ. ಕೆಂಪು, ನೇರಳೆ ಬಣ್ಣದ ಹಣ್ಣುಗಳಿಗೆ ಇದೇ ತವರ ಬಣ್ಣಗೆಡಿಸುವುದರಿಂದ ಒಳಗೆ ಅರಗಿನಂಥ ಲೇಪವನ್ನು ಬಳಿಯುತ್ತಾರೆ. ಡಬ್ಬಿಯನ್ನು ತೆರೆದೊಡನೆ ಕತೆ ಬದಲಾಗುತ್ತದೆ. ಗಾಳಿ ಒಳಹೊಕ್ಕು ಹುಳಿಯ ಕೈ ಬಲವಾಗುತ್ತದೆ. ತವರ ಬೇಗಬೇಗ ಕರಗುತ್ತದೆ. ಅತಿಥಿಗಳಿಗಾಗಿ ತೆರೆದ ಆಪೂಸು ಮಾವಿನ ರಸದ ಡಬ್ಬಿಯಲ್ಲಿ ಉಳಿದದ್ದನ್ನು ಅದೇ ಡಬ್ಬಿಯಲ್ಲಿಟ್ಟು ಮರುದಿನ ಬಡಿಸುವ ಮನೆಗಳಿಗೆ ಇದನ್ನು ಹೇಳುವುದು ಅವಶ್ಯ. ಉಳಿದದ್ದನ್ನು ಕೂಡಲೆ ಗಾಜಿಗೋ ಪಿಂಗಾಣಿಗೋ ಸುರಿದುಬಿಟ್ಟರೆ ಆಯಿತು. ನೆಲಕ್ಕೆ ಹಾಕಿದ ಗೊಬ್ಬರದಿಂದ ಹಣ್ಣಿಗೂ ನೀರಿಗೂ ಸೇರುವ ನೈಟ್ರೇಟ್ ಎಂಬ ಲವಣವೂ ತವರವನ್ನು ಕರಗಿಸಲು ನೆರವಾಗುತ್ತದೆ. 1960ರ ದಶಕದಲ್ಲಿ ಜಪಾನಿನಲ್ಲಿ ಡಬ್ಬಿಯ ಕಿತ್ತಳೆ ರಸ ಕುಡಿದವರು ವಾಂತಿಭೇದಿಯಿಂದ ನರಳಿದ್ದಕ್ಕೆ ಅದೇ ಕಾರಣವೆಂದು ಕಂಡುಬಂತು. ಸಮಾಧಾನದ ಸಂಗತಿಯೆಂದರೆ ತವರದ ಬಹುಭಾಗ ಮೈಯಲ್ಲಿ ನಿಲ್ಲದು; ಬಂದ ಹಾಗೆ ಹೋಗುತ್ತದೆ. ಸೀಸಕ್ಕೆ ಆ ಸೌಜನ್ಯವಿಲ್ಲ.

ನಮ್ಮ ದೇಶಕ್ಕೆ ಡಬ್ಬಿಯ ಉದ್ಯಮ ಬಂದ ಬಗೆ ಹೀಗೆ. 1920ರಲ್ಲಿ ಜಮ್‌ಶೇಡ್‌ಪುರದ ತವರದ ತಗಡಿನ ಕಂಪನಿ ಹುಟ್ಟಿತು. 1933ರಲ್ಲಿ ಮೆಟಲ್ ಬಾಕ್ಸ್ ಕಂಪನಿ ಕಲಕತ್ತೆಗೆ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ದಂಡಿನ ಬೇಡಿಕೆ ಈ ಉದ್ಯಮವನ್ನು ಬೆಳೆಸಿತು. ಸ್ವಾತಂತ್ರ್ಯಾನಂತರ, 1950ರ ಅಕ್ಟೋಬರಿನಲ್ಲಿ, ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಯಿತು. ವಿ. ಸುಬ್ರಹ್ಮಣ್ಯನ್ ಅವರು ಅದರ ಮೊದಲ ನಿರ್ದೇಶಕರು. ಅರಸುಮನೆಯ ಸೌಧದಲ್ಲಿ ಉಪ್ಪು, ಹುಳಿ, ತಗಡುಗಳ ವಿಚಾರ ನಡೆಯತೊಡಗಿದ್ದು ಕಾಲದ ಒಂದು ಒಳ್ಳೆಯ ಗುರುತು. ಹಣ್ಣು ತರಕಾರಿಗಳ ಸಂರಕ್ಷಣೆಯನ್ನು ಕುರಿತು ಗಿರಿಧಾರಿಲಾಲ್, ಸಿದ್ದಪ್ಪ, ಟಂಡನ್ ಈ ಮೂವರು ಬರೆದ ಗ್ರಂಥವನ್ನು ಈ ವಿಷಯದ ವಿದ್ಯಾರ್ಥಿಗಳು ತಲೆಮಾರುಗಳಿಂದ ಓದುತ್ತ ಬಂದಿದ್ದಾರೆ. 1961ರಲ್ಲಿ ಸೈನ್ಯದ ಆಹಾರ ಸಂಶೋಧನಾಲಯವೂ ಮೈಸೂರಿನಲ್ಲಿಯೇ ಸ್ಥಾಪನೆಯಾಯಿತು.

ಕಾನೂನೂ ಹಿಂದೆ ಬೀಳಲಿಲ್ಲ. 1954ರಲ್ಲಿ ಆಹಾರ ಕಲಬೆರಕೆ ತಡೆ ಕಾಯಿದೆ. 1955ರಲ್ಲಿ ಅದರ ನಿಯಮಗಳು ಮತ್ತು ಹಣ್ಣಿನ ಉತ್ಪನ್ನಗಳ ಆಜ್ಞೆ. ಆ ನಿಯಮಗಳಲ್ಲಿ ‘ವಿಷಲೋಹಗಳು’ ಎಂದೇ ಒಂದು ನಿಯಮವಿದ್ದು, ಸೀಸ, ತಾಮ್ರ, ಪಾಷಾಣ, ತವರ ಮೊದಲಾದುವಕ್ಕೆ ಮಿತಿಗಳನ್ನು ಹೇಳಿತ್ತು. 2006ರ ಆಹಾರ ಸುರಕ್ಷತಾ ಕಾಯಿದೆ ಇವುಗಳ ಸ್ಥಾನಕ್ಕೆ ಬಂದಿತು. ಲೋಹಗಳ ಮಿತಿಯನ್ನು 2011ರ ನಿಬಂಧನೆಗಳಲ್ಲಿ ಹೇಳಲಾಯಿತು. ಡಬ್ಬಿಯ ಪದಾರ್ಥದಲ್ಲಿ ಒಂದು ಕಿಲೋಗ್ರಾಮಿಗೆ 250 ಮಿಲಿಗ್ರಾಮ್ ತವರವೆಂಬುದು ಬಹುಕಾಲದಿಂದ ನಡೆದುಬಂದ ಮಿತಿ. ಸೀಸದ ಮಿತಿ ಇದರ ಮುಂದೆ ಸಾಸಿವೆಯಷ್ಟು. ಅದೂ ವರ್ಷ ಕಳೆದಂತೆ ಇಳಿಯುತ್ತ ಬಂದಿದೆ. ಸೀಸಕ್ಕೆ ನಿರಪಾಯವಾದ ಪ್ರಮಾಣವೆಂಬುದೇ ಇಲ್ಲವೆಂದು ಈಗ ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ.

ಹಾಗಾದರೆ ಬೆಸುಗೆಯ ಸೀಸ ಏನಾಯಿತು? ಅಮೆರಿಕದಲ್ಲಿ 1979ರಲ್ಲಿ ಆಹಾರದ ಡಬ್ಬಿಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವು ಸೀಸದ ಬೆಸುಗೆಯವೇ ಆಗಿದ್ದವು. 1991ರಲ್ಲಿ ಅಲ್ಲಿನ ತಯಾರಕರು ಅದನ್ನು ತಾವಾಗಿಯೇ ನಿಲ್ಲಿಸಿದರು; 1995ರಲ್ಲಿ ಸರಕಾರ ಪೂರ್ಣವಾಗಿ ನಿಷೇಧಿಸಿತು. ಡಾಂಕಿನನ ಕಾರ್ಖಾನೆಯಿಂದ ಲೆಕ್ಕ ಹಾಕಿದರೆ 182 ವರ್ಷ! ಬೇಕರ್ ವೈದ್ಯ ಡೆವನ್ನಿನಲ್ಲಿ ಸತ್ಯ ಹೇಳಿ ಎರಡು ಶತಮಾನ ದಾಟಿತ್ತು. ತಿಳಿವಿಗೂ ನಡೆವಳಿಕೆಗೂ ನಡುವಣ ದೂರ ಅಷ್ಟಿರುತ್ತದೆ. ಈಗಿನ ಡಬ್ಬಿಗಳ ಅಂಚನ್ನು ಸೀಸವಿಲ್ಲದೆ ವಿದ್ಯುತ್ತಿನಿಂದ ಬೆಸೆಯುತ್ತಾರೆ. ಕೆಲವನ್ನು ಅಂಚೇ ಇಲ್ಲದಂತೆ ಅಚ್ಚಿನಲ್ಲಿ ಒತ್ತಿ ತೆಗೆಯುತ್ತಾರೆ.

ನಮ್ಮಲ್ಲಿ ಕಾರ್ಖಾನೆಯ ಡಬ್ಬಿಗಿಂತ ಹಳೆಯ ಡಬ್ಬಿಯ ಮರುಬಳಕೆ ದೊಡ್ಡ ವಿಷಯ. ಸೀಮೆಎಣ್ಣೆ ಬರುತ್ತಿದ್ದ ಚೌಕದ ಡಬ್ಬಿಗಳು ಹಳ್ಳಿಗಳಲ್ಲಿ ಎಂದೂ ವ್ಯರ್ಥವಾಗುತ್ತಿರಲಿಲ್ಲ. ಶಿರಸಿ, ಸಿದ್ದಾಪುರಗಳ ಆಲೆಮನೆಗಳಲ್ಲಿ ಜೋನಿಬೆಲ್ಲ ತುಂಬಲು ಬಂದ ಪಾತ್ರೆಯೆಂದರೆ ಅಂಥ ಡಬ್ಬಿಯೇ. ‘ಒಂದು ಡಬ್ಬಿ ಬೆಲ್ಲ’ ಎಂಬುದು ಅಳತೆಯ ಮಾತೂ ಆಯಿತು. ಆ ಹಳೆಯ ಡಬ್ಬಿಗಳ ಅಂಚಿಗೆ ಬೆಸುಗೆ ಇದ್ದಿತು. ಸೋರಿದರೆ ಬೆಸುಗೆಯವನು ಮತ್ತೊಂದಿಷ್ಟು ಹಾಕುತ್ತಿದ್ದ. ಮಣ್ಣಿನ ಗಡಿಗೆಯ ಕಾಲದಲ್ಲಿ ಇಲ್ಲದಿದ್ದ ಸೀಸ ಹೀಗೆ ಬೆಲ್ಲದ ಪಕ್ಕಕ್ಕೆ ಬಂದು ಕುಳಿತಿತು. ಕಬ್ಬಿನ ಹಾಲಿಗೆ ತುಸು ಹುಳಿ ಸ್ವಾಭಾವಿಕವಾಗಿಯೇ ಉಂಟು. ಹಳೆಯ ಜೋನಿ ಹುಳಿತರೆ ಹುಳಿ ಹೆಚ್ಚುತ್ತದೆ. ಭರಣಿಗೆ ಲೋಹದ ಸೌಟನ್ನು ಹಾಕಗೊಡದ ಅದೇ ಅಡಿಗೆಮನೆ ಈ ಡಬ್ಬಿಯನ್ನು ಪ್ರಶ್ನಿಸದೆ ಒಳಕ್ಕೆ ಬಿಟ್ಟುಕೊಂಡಿತಲ್ಲ ಎಂದು ನನಗೆ ಆಶ್ಚರ್ಯವಾಗುತ್ತದೆ. ಕಾರಣ ಸ್ಪಷ್ಟ. ಹಳೆಯ ಶಿಸ್ತು ತಾಮ್ರವನ್ನು ಕಂಡು ಹುಟ್ಟಿದ್ದು. ಹಸುರು ಕಂಡರೆ ಮಾತ್ರ ಅದಕ್ಕೆ ಎಚ್ಚರ. ಸೀಸಕ್ಕೆ ಕಿಲುಬಿಲ್ಲ. ಅನುಭವ ಕಣ್ಣಿಗೆ ಕಂಡದ್ದನ್ನು ಕಲಿಯುತ್ತದೆ. ಕಾಣದ್ದಕ್ಕೆ ಅಳತೆಯ ಸಾಧನ ಬೇಕು.

ಆ ಅಳತೆಯನ್ನು ಕರ್ನಾಟಕದಲ್ಲಿಯೇ ಮಾಡಿ ತೋರಿಸಿದರು. ಬೆಂಗಳೂರಿನ ಜಾರ್ಜ್ ಪ್ರತಿಷ್ಠಾನದವರು 1998 ಮತ್ತು 1999ರಲ್ಲಿ ದೇಶದ ಏಳು ನಗರಗಳಲ್ಲಿ ಇಪ್ಪತ್ತೆರಡು ಸಾವಿರಕ್ಕೂ ಮೇಲ್ಪಟ್ಟು ಜನರ ರಕ್ತವನ್ನು ಪರೀಕ್ಷಿಸಿದರು. ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಮಿಕ್ಕಿದವರ ರಕ್ತದಲ್ಲಿ ಸೀಸ ಆಗಿನ ಎಚ್ಚರಿಕೆಯ ಮಟ್ಟವನ್ನು, ಎಂದರೆ ಡೆಸಿಲೀಟರಿಗೆ 10 ಮೈಕ್ರೋಗ್ರಾಮನ್ನು, ಮುಟ್ಟಿತ್ತು ಅಥವಾ ದಾಟಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ಕಾರ್ಯಕ್ಕೆ ತಮ್ಮ ಜೀವಮಾನವನ್ನೇ ಕೊಟ್ಟರು. ಆಗ ದೊಡ್ಡ ಮೂಲ ಪೆಟ್ರೋಲು. 2000ದಲ್ಲಿ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲು ಬಂದಿತು. ಮಕ್ಕಳ ಮೈ ಸೀಸವನ್ನು ಸುಣ್ಣದ ಅಂಶವೆಂದು ಭ್ರಮಿಸಿ ಒಳಕ್ಕೆ ಬಿಟ್ಟುಕೊಳ್ಳುತ್ತದೆ; ಬುದ್ಧಿ ಬೆಳೆಯಬೇಕಾದ ವಯಸ್ಸಿನಲ್ಲಿಯೇ ಅದು ಬುದ್ಧಿಯನ್ನು ಕುಂದಿಸುತ್ತದೆ. ಈ ವಿಷಯದ ನಿಜವಾದ ಗಾಂಭೀರ್ಯ ಇರುವುದು ಇಲ್ಲಿ.

ಲೋಹ ಬರುವುದು ಪಾತ್ರೆಯಿಂದ ಮಾತ್ರವೂ ಅಲ್ಲ, ಮಣ್ಣಿನಿಂದಲೂ ಬರುತ್ತದೆ. ಬೆಂಗಳೂರಿನ ವೃಷಭಾವತಿಯ ಕೊಳೆನೀರಿನಲ್ಲಿ ಬೆಳೆದ ಸೊಪ್ಪು ತರಕಾರಿಗಳಲ್ಲಿ ಭಾರಲೋಹಗಳಿರುವುದನ್ನು ಸಂಶೋಧಕರು ಮತ್ತೆ ಮತ್ತೆ ತೋರಿಸಿದ್ದಾರೆ. ಅಂಥ ತರಕಾರಿಯನ್ನು ಚಿನ್ನದ ಡಬ್ಬಿಯಲ್ಲಿ ತುಂಬಿದರೂ ಪ್ರಯೋಜನವಿಲ್ಲ. ನಮ್ಮ ಅಡಿಕೆಯ ಸೀಮೆಗೂ ಇದರಲ್ಲಿ ಒಂದು ಪಾಲಿದೆ. ಫ್ರಾನ್ಸಿನ ಮಿಲಾರ್ಡೆ 1885ರಲ್ಲಿ ದ್ರಾಕ್ಷಿತೋಟಕ್ಕಾಗಿ ಪ್ರಚುರಪಡಿಸಿದ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ನಮ್ಮಲ್ಲಿ ಕೊಳೆರೋಗಕ್ಕೆ ಮದ್ದಾಯಿತು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ನರು ಕೊಳೆರೋಗವನ್ನು ಕುರಿತು 1910ರಲ್ಲಿ ಬರೆದ ಗ್ರಂಥ ಇಂದಿಗೂ ಗೌರವಕ್ಕೆ ಪಾತ್ರವಾಗಿದೆ. ಅಂದಿನಿಂದ ಮಳೆಗಾಲಕ್ಕೆ ಮುಂಚೆ ಮೈಲುತುತ್ತ ಹೊಡೆಯದ ತೋಟವಿಲ್ಲ. ಮೈಲುತುತ್ತವೆಂದರೆ ತಾಮ್ರದ ಲವಣ. ಕೊನೆಯಿಂದ ತೊಳೆದುಹೋದ ತಾಮ್ರ ನೆಲದ ಮೇಲ್ಪದರದಲ್ಲಿ ನಿಲ್ಲುತ್ತದೆಂಬುದು ಫ್ರಾನ್ಸಿನ ಹಳೆಯ ದ್ರಾಕ್ಷಿತೋಟಗಳಲ್ಲಿ ಸಿದ್ಧವಾದ ಮಾತು. ಕೊಳೆರೋಗ ಬಂದರೆ ಮನೆ ಮುಳುಗುವ ರೈತನಿಗೆ ಮದ್ದು ಹೊಡೆಯಬೇಡವೆಂದು ಹೇಳುವ ಅಧಿಕಾರ ನನಗಿಲ್ಲ. ಲೆಕ್ಕವಿಟ್ಟು ಹೊಡೆಯಬೇಕು ಎಂದಷ್ಟೇ ಹೇಳಬಹುದು. ಆ ರೈತನಿಗೆ ಲೆಕ್ಕ ತಿಳಿಯದ್ದೂ ಅಲ್ಲ. ದ್ರಾವಣ ಹದವಾಗಿದೆಯೆ ಎಂದು ನೋಡಲು ಅವನು ಕತ್ತಿಯ ಅಲಗನ್ನು ಅದರಲ್ಲಿ ಅದ್ದುತ್ತಾನೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನೂ ಹುಳಿಯಿದೆ, ಸುಣ್ಣ ಸಾಲದು ಎಂದು ತಿಳಿಯುತ್ತಾನೆ. ಅಡಿಗೆಮನೆಯ ಕಿಲುಬಿನ ನಿಯಮವೇ ತೋಟದ ಕತ್ತಿಯ ನಿಯಮ.

ಈ ಚರಿತ್ರೆಯಿಂದ ಏನು ತಿಳಿಯಬೇಕು? ಇಂದು ಘಟ್ಟದ ಮೇಲಿನ ಹುಳಿ ಮನೆಯ ನಾಗಂದಿಗೆಯನ್ನು ಬಿಟ್ಟು ಪೇಟೆಗೆ ಹೊರಟಿದೆ. ಅಪ್ಪೆಮಿಡಿಯ ಉಪ್ಪಿನಕಾಯಿ, ಮುರುಗಲ ಪಾನಕ, ಹಲಸಿನ ಹಪ್ಪಳ, ಜೋನಿಬೆಲ್ಲಗಳು ದೂರದ ಪಟ್ಟಣಗಳಲ್ಲಿ ಮಾರಾಟವಾಗುತ್ತಿವೆ. ಬನವಾಸಿಯ ಸುತ್ತ ಬೆಳೆದ ಅನಾನಸು ಹೊರ ರಾಜ್ಯಗಳಿಗೆ ಹೋಗುತ್ತದೆ. 1923ರಲ್ಲಿಯೇ ಶಿರಸಿಯಲ್ಲಿ ತೋಟಿಗರು ಸಹಕಾರಿ ಮಾರಾಟ ಸಂಘವನ್ನು ಕಟ್ಟಿಕೊಂಡ ಸೀಮೆಯದು. ಬೆಳೆದದ್ದನ್ನು ಒಟ್ಟಾಗಿ ಮಾರುವ ವಿದ್ಯೆ ಅದಕ್ಕೆ ಹೊಸದಲ್ಲ. ಹೆಂಗಸರ ಸಂಘಗಳು ಮನೆಮನೆಯಲ್ಲಿ ಹುಟ್ಟಿಸಿದ ಈ ಉದ್ಯಮದಿಂದ ಎಷ್ಟೋ ಸಂಸಾರಗಳಿಗೆ ಆಧಾರವಾಗಿದೆ. ಇದು ಬೆಳೆಯಬೇಕೆಂಬುದೇ ನನ್ನ ಆಸೆ. ಆದ್ದರಿಂದಲೇ ಎಚ್ಚರಿಕೆಯ ಮಾತು. ಮನೆಯಲ್ಲಿ ಮಾಡಿದ್ದು ಎಂಬುದು ಒಳ್ಳೆಯ ಹೆಸರು, ಆದರೆ ಅದು ಪ್ರಮಾಣಪತ್ರವಲ್ಲ. ಮನೆಯವರಿಗಾಗಿ ಮಾಡಿದಾಗ ಪಾತ್ರೆಗೆ ಅಜ್ಜಿಯ ಕಣ್ಣಿನ ಕಾವಲಿತ್ತು. ಕಾಣದ ಊರಿನ ಕಾಣದ ಮಗುವಿಗಾಗಿ ಮಾಡುವಾಗ ಆ ಕಾವಲನ್ನು ಬೇರೆ ರೂಪದಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ: ಹುಳಿ ಕುದಿಸುವ ಪಾತ್ರೆ ಯಾವುದು, ಕಲಾಯಿಯ ತವರ ಶುದ್ಧವೆ, ಡಬ್ಬಿಯ ಅಂಚು ಎಂಥದು, ನೀರು ಯಾವ ಬಾವಿಯದು ಎಂಬ ಪ್ರಶ್ನೆಗಳು, ವರ್ಷಕ್ಕೊಮ್ಮೆಯಾದರೂ ಪ್ರಯೋಗಶಾಲೆಗೆ ಒಂದು ಮಾದರಿ. ಕೊಳ್ಳುವ ನಾವೂ ಅಗ್ಗವನ್ನೇ ಕೇಳಿದರೆ ಅಗ್ಗದ ಲೋಹವನ್ನೇ ತಿನ್ನಬೇಕಾಗುತ್ತದೆ.

ಹಳೆಯ ಕಾಲವೆಲ್ಲ ಶುದ್ಧ, ಹೊಸತೆಲ್ಲ ವಿಷ ಎಂದು ನಾನು ಹೇಳುತ್ತಿಲ್ಲ. ಸೀಸ ಬೆರೆಸಿದ ಕಲಾಯಿಯೂ ಹಳೆಯದೇ. ಸೀಸವಿಲ್ಲದ ಡಬ್ಬಿ ಹೊಸದು. ಕಿಲುಬನ್ನು ಕಂಡ ಕಣ್ಣು ಹಿರಿಯರದು, ಕಾಣದ ಸೀಸವನ್ನು ಅಳೆದ ಸಾಧನ ನಮ್ಮ ಕಾಲದ್ದು. ಒಂದನ್ನು ಬಿಟ್ಟು ಇನ್ನೊಂದನ್ನು ನೆಚ್ಚಿದವರು ಎರಡು ಕಡೆಯೂ ಕೆಟ್ಟಿದ್ದಾರೆ. ಹುಳಿಯ ಗುಣ ಬದಲಾಗಿಲ್ಲ, ಮುಂದೆಯೂ ಬದಲಾಗದು. ಅದಕ್ಕೆ ತಕ್ಕ ಪಾತ್ರೆಯನ್ನು ಹುಡುಕುವ ಹೊಣೆ ಮಾತ್ರ ತಲೆಮಾರಿನಿಂದ ತಲೆಮಾರಿಗೆ ಹೊಸದಾಗಿ ಬರುತ್ತದೆ. ನಮ್ಮ ಸರದಿಯಲ್ಲಿ ಅದನ್ನು ನಾವು ಮಾಡಬೇಕು.